ಉಕ್ರೇನಿನ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟ: ಬೆಂಗಳೂರಿನ ಅಡುಗೆಮನೆಯಲ್ಲಿ ಮಾಡುವುದಾದರೆ

ನೀವು ಕೇಳಿರುವುದು ಇಷ್ಟು: ಪಶ್ಚಿಮ ಉಕ್ರೇನಿನ ತೆರ್ನೋಪಿಲ್‌ನಲ್ಲಿ ವೈದ್ಯಕೀಯ ಓದುವಾಗ ಪರಿಚಯವಾದ ಸ್ನೇಹಿತೆ ಡಿಸೆಂಬರಿನಲ್ಲಿ ಗಂಡನ ಜೊತೆ ಬೆಂಗಳೂರಿಗೆ ಬರುತ್ತಿದ್ದಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವರಿಗೆ ಅವರ ಕಡೆಯ ಊಟವನ್ನೇ ಬಡಿಸಬೇಕೆಂಬ ಆಸೆ. ನಿಮ್ಮ ಮನೆಯವರು ಸಸ್ಯಾಹಾರಿಗಳು. ಹನ್ನೆರಡು ಬಗೆ ಮಾಡಲೇಬೇಕೇ, ಸಾಮಾನು ಇಲ್ಲಿ ಸಿಗುತ್ತದೆಯೇ, ಆ ದಿನ ಏನು ಉಡುವುದು?

ಧೈರ್ಯವಾಗಿ ಮಾಡಿ. ಸಸ್ಯಾಹಾರಿ ಮನೆಗೆ ಇಷ್ಟು ಚೆನ್ನಾಗಿ ಒಗ್ಗುವ ಯುರೋಪಿನ ಹಬ್ಬದೂಟ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ. 'ಸ್ವ್ಯಾತ್ ವೆಚಿರ್' ಎಂದು ಕರೆಯುವ ಈ ರಾತ್ರಿ ಉಪವಾಸದ ಕೊನೆಯ ಊಟ. ಮಾಂಸ, ಮೊಟ್ಟೆ, ಹಾಲು, ಮೊಸರು, ಬೆಣ್ಣೆ ಯಾವುದೂ ಇರುವುದಿಲ್ಲ. ಮೀನಿಗೆ ಮಾತ್ರ ಅಡ್ಡಿಯಿಲ್ಲ. ಅದನ್ನು ನೀವು ಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ತಪ್ಪಾಗುವುದು ಬೇರೆ ಕಡೆ: ನಮ್ಮವರು ಪ್ರೀತಿಯಿಂದ ತುಪ್ಪ ಹಾಕುತ್ತಾರೆ, ಬೋರ್ಶ್ ಎಂಬ ಬೀಟ್‌ರೂಟ್ ಸಾರಿನ ಮೇಲೆ ಕೆನೆ ಹಾಕುತ್ತಾರೆ. ಆ ಒಂದು ರಾತ್ರಿ ಇವೆರಡೂ ಬೇಡ. ಎಣ್ಣೆ ಸೂರ್ಯಕಾಂತಿಯದೇ ಇರಲಿ.

ತಾರೀಖನ್ನು ಮೊದಲೇ ಕೇಳಿಕೊಳ್ಳಿ. ಹಳೆಯ ಪಂಚಾಂಗದ ಪ್ರಕಾರ ಈ ಊಟ ಜನವರಿ 6ರ ರಾತ್ರಿ ಆಗುತ್ತಿತ್ತು. 2023ರ ಸೆಪ್ಟೆಂಬರಿನಿಂದ ಉಕ್ರೇನಿನ ಆರ್ಥೊಡಾಕ್ಸ್ ಚರ್ಚೂ ಗ್ರೀಕ್ ಕ್ಯಾಥೊಲಿಕ್ ಚರ್ಚೂ ಹೊಸ ಪಂಚಾಂಗಕ್ಕೆ ಬಂದವು. ಅದೇ ವರ್ಷ ಸರ್ಕಾರಿ ರಜೆಯನ್ನೂ ಡಿಸೆಂಬರ್ 25ಕ್ಕೆ ತಂದರು. ಆದ್ದರಿಂದ ಈಗ ಡಿಸೆಂಬರ್ 24. ಕೆಲವು ಮನೆಗಳಲ್ಲಿ ಹಿರಿಯರು ಇನ್ನೂ ಹಳೆಯ ದಿನವನ್ನೇ ಹಿಡಿದಿದ್ದಾರೆ.

ಹನ್ನೆರಡು ಎನ್ನುವುದು ಯೇಸುವಿನ ಹನ್ನೆರಡು ಅಪೊಸ್ತಲರ, ಅಂದರೆ ಶಿಷ್ಯರ ಲೆಕ್ಕ. ಅದನ್ನು ತುಂಬಿಸಲು ಹೆದರಬೇಕಿಲ್ಲ: ಬ್ರೆಡ್ಡು, ಉಪ್ಪಿನಲ್ಲಿ ಹುಳಿ ಬಂದ ಎಲೆಕೋಸು, ಉಪ್ಪಿನ ಸೌತೆ, ಬೇಯಿಸಿದ ಬೀನ್ಸ್ ಕಾಳು ಇವೆಲ್ಲ ಒಂದೊಂದು ಬಗೆಯೇ. ಇಡೀ ಊಟದ ರುಚಿ ನಿಂತಿರುವುದು ಮೂರರ ಮೇಲೆ: ಗಸಗಸೆ-ಜೇನು ಕೂಡಿದ ಗೋಧಿ, ಹುಳಿ ಬಂದ ಬೀಟ್‌ರೂಟ್, ಒಣ ಅಣಬೆ. ಈ ಮೂರು ಸರಿಬಂದರೆ ಏಳೇ ಬಗೆ ಮಾಡಿದರೂ ಊಟ ತುಂಬಿದಂತೆ. ಇವು ಕೆಟ್ಟರೆ ಹನ್ನೆರಡಿದ್ದೂ ಪ್ರಯೋಜನವಿಲ್ಲ.

ಮೊದಲು ಕುಟ್ಯಾ, ಅಂದರೆ ಆ ಗಸಗಸೆ-ಜೇನಿನ ಗೋಧಿ, ಏಕೆಂದರೆ ಊಟ ಶುರುವಾಗುವುದೇ ಅದರಿಂದ. ಆರು ಜನಕ್ಕೆ 200 ಗ್ರಾಂ ಇಡೀ ಗೋಧಿ, 100 ಗ್ರಾಂ ಗಸಗಸೆ, 100 ಗ್ರಾಂ ಅಕ್ರೋಟು, 80 ಗ್ರಾಂ ಒಣದ್ರಾಕ್ಷಿ, ನಾಲ್ಕು ದೊಡ್ಡ ಚಮಚ ಜೇನು. ಅಲ್ಲಿ ಕುಟ್ಯಾಕ್ಕೆಂದೇ ತೊಗಟೆ ತೆಗೆದ ಗೋಧಿ ಮಾರುತ್ತಾರೆ. ಉತ್ತರ ಕರ್ನಾಟಕದಲ್ಲಿ ಹುಗ್ಗಿಗೆ ಬಳಸುವ ಕುಟ್ಟಿದ ಗೋಧಿ ಇದಕ್ಕೆ ತಕ್ಕದ್ದು. ಗೋಧಿ ರವೆಯನ್ನಾಗಲಿ ದಲಿಯಾವನ್ನಾಗಲಿ ತರಬೇಡಿ. ಒಂದೊಂದು ಕಾಳೂ ಇಡಿಯಾಗಿ ಹಲ್ಲಿಗೆ ಸಿಗಬೇಕು.

ಗೋಧಿಯನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಒಂದಕ್ಕೆ ಮೂರರಷ್ಟು ಹೊಸ ನೀರು, ಚಿಟಿಕೆ ಉಪ್ಪು, ಅರ್ಧ ಚಮಚ ಎಣ್ಣೆ ಹಾಕಿ ಬೇಯಿಸಿ. ಕುಕ್ಕರಿನಲ್ಲಾದರೆ ಒಂದು ವಿಶಲ್ ಆದ ಮೇಲೆ ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ ಸಾಕು. ತೊಗಟೆ ಇರುವ ಗೋಧಿಗೆ 20 ನಿಮಿಷ ಬೇಕು. ಬೆರಳಲ್ಲಿ ಒತ್ತಿದರೆ ಕಾಳು ಮಣಿಯಬೇಕು, ಒಡೆದು ಗಂಜಿಯಾಗಬಾರದು. ಬೆಂದ ಕೂಡಲೇ ಜರಡಿಗೆ ಸುರಿದು ನೀರು ಬಸಿದು, ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಈ ಕೆಲಸದಲ್ಲಿ ಅವಸರಪಟ್ಟವರ ಕುಟ್ಯಾ ಸಂಜೆಯ ಹೊತ್ತಿಗೆ ನೀರು ಬಿಟ್ಟಿರುತ್ತದೆ. ಗೋಧಿಯಲ್ಲೇ ನೀರು ಉಳಿದಿದ್ದರೆ ಜೇನು ಬಿದ್ದೊಡನೆ ಅದೆಲ್ಲ ತಳಕ್ಕೆ ಇಳಿಯುತ್ತದೆ.

ಗಸಗಸೆಗೆ ಇನ್ನೂ ಹೆಚ್ಚು ತಾಳ್ಮೆ ಬೇಕು. ಅಲ್ಲಿಯದು ಬೂದು-ನೀಲಿ ಬಣ್ಣದ್ದು, ನಮ್ಮದು ಬಿಳಿ. ಗಿಡ ಒಂದೇ ಜಾತಿಯದು, ಆದರೆ ನಮ್ಮದರ ಪರಿಮಳ ಸ್ವಲ್ಪ ಮೆದು. ಧಾರಾಳವಾಗಿ ಬಳಸಿ, ಬಣ್ಣ ತೆಳುವಾಗುತ್ತದೆ, ಅಷ್ಟೇ. ಕುದಿಯುವ ನೀರು ಸುರಿದು ಮುಚ್ಚಿ ಅರ್ಧ ಗಂಟೆ ಬಿಡಿ, ಬಸಿಯಿರಿ, ಮತ್ತೊಮ್ಮೆ ಹಾಗೇ ಮಾಡಿ. ಎರಡು ಬೆರಳ ನಡುವೆ ತಿಕ್ಕಿದರೆ ಕಾಳು ಪುಡಿಯಾಗುವಷ್ಟು ಮೆತ್ತಗಾಗಿರಬೇಕು. ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ನೀರು ಚೆನ್ನಾಗಿ ಹಿಂಡಿ. ಅಲ್ಲಿ ಇದನ್ನು ಅರೆಯುವುದು ಮಕಿತ್ರಾ ಎಂಬ ಮಣ್ಣಿನ ಪಾತ್ರೆಯಲ್ಲಿ. ಒಳಮೈಯಲ್ಲಿ ಗೀರುಗಳಿರುತ್ತವೆ, ಮರದ ದಪ್ಪ ಕೋಲಿನಿಂದ ಸುತ್ತಿಸಿ ಅರೆಯುತ್ತಾರೆ. ನಿಮ್ಮ ಮನೆಯಲ್ಲಿ ಒರಳು ಇದ್ದರೆ ಅದರಲ್ಲೇ ಎರಡು ಚಮಚ ಸಕ್ಕರೆ ಹಾಕಿ ಅರೆಯಿರಿ, ಸಕ್ಕರೆಯ ಹರಳು ಗಸಗಸೆಯನ್ನು ಒಡೆಯಲು ನೆರವಾಗುತ್ತದೆ. ಬಿಳಿ ಹಾಲು ಜಿನುಗಿ, ಕಾಯಿ ಅರೆದ ಹಾಗೆ ಅಂಟು ಬಂದರೆ ಆಯಿತು. ಮಿಕ್ಸಿಯಾದರೆ ಚಿಕ್ಕ ಜಾರು, ಬಿಟ್ಟು ಬಿಟ್ಟು ತಿರುಗಿಸುವುದು, ನೀರು ಹಾಕದಿರುವುದು. ನೀರು ಹೆಚ್ಚಾದರೆ ಕಾಳುಗಳು ಒಡೆಯದೆ ಬ್ಲೇಡಿನ ಸುತ್ತ ಈಜುತ್ತಿರುತ್ತವೆ, ತಿನ್ನುವಾಗ ಮರಳಿನಂತೆ ಸಿಗುತ್ತವೆ. ಒಣ ಗಸಗಸೆಯನ್ನೇ ಪುಡಿ ಮಾಡಿದರೆ ಹಾಲು ಬರುವುದಿಲ್ಲ, ಕಹಿ ಬೇರೆ ಬರುತ್ತದೆ.

ಆರಿದ ಗೋಧಿಗೆ ಗಸಗಸೆ, ಬಿಸಿನೀರಿನಲ್ಲಿ ತೊಳೆದು ಒರೆಸಿದ ದ್ರಾಕ್ಷಿ, ಸ್ವಲ್ಪ ಹುರಿದು ಮುರಿದ ಅಕ್ರೋಟು ಸೇರಿಸಿ. ಜೇನು ಕೊನೆಗೆ, ಎಲ್ಲ ತಣ್ಣಗಿರುವಾಗ. ಬಿಸಿಗೆ ಹಾಕಿದರೆ ಜೇನಿನ ವಾಸನೆಯೇ ಹೋಗುತ್ತದೆ. ಗಟ್ಟಿ ಅನಿಸಿದರೆ ಮುಂದೆ ಹೇಳುವ ಉಜ್ವಾರ್ ಎರಡು ಚಮಚ ಹಾಕಿ. ಏಲಕ್ಕಿ, ಹಾಲು, ತೆಂಗಿನಕಾಯಿ ಹಾಕಬೇಡಿ. ಹಾಕಿದರೆ ಅದು ನಮ್ಮ ಹುಗ್ಗಿಯಾಗುತ್ತದೆ. ರುಚಿಯಾಗಿಯೇ ಇರುತ್ತದೆ, ಆದರೆ ನಿಮ್ಮ ಸ್ನೇಹಿತೆ ಮೊದಲ ಚಮಚದಲ್ಲಿ ಹುಡುಕುವುದು ಗಸಗಸೆ-ಜೇನನ್ನು. ನಾಲ್ಕು ಗಂಟೆಯಾದರೂ ಫ್ರಿಜ್ಜಿನಲ್ಲಿ ಇಡಿ. ಮೂರನೆಯ ದಿನಕ್ಕೆ ಹುಳಿಯುತ್ತದೆ.

ಉಜ್ವಾರ್ ಎಂದರೆ ಒಣಹಣ್ಣಿನ ಪಾನೀಯ, ಸುಲಭದ್ದು. ಒಣ ಸೇಬು, ಒಣ ಪೇರ್, ಪ್ರೂನ್ಸ್ ಸೇರಿ 250 ಗ್ರಾಂ, ನೀರು ಎರಡೂವರೆ ಲೀಟರ್. ಸೇಬು-ಪೇರ್ ತಣ್ಣೀರಿನಲ್ಲಿ ಹಾಕಿ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ, ಆಮೇಲೆ ಪ್ರೂನ್ಸ್ ಹಾಕಿ 5 ನಿಮಿಷ, ಒಲೆ ಆರಿಸಿ ಮುಚ್ಚಿ ರಾತ್ರಿಯಿಡೀ ಬಿಡಿ. ರುಚಿ ಇಳಿಯುವುದು ಕುದಿಯುವಾಗಲ್ಲ, ಹೀಗೆ ಸುಮ್ಮನೆ ಕೂತಾಗ. ಒಣ ಪೇರ್ ಸಿಗದಿದ್ದರೆ ಒಣ ಆಪ್ರಿಕಾಟ್ ಹಾಕಿ. ಅಲ್ಲಿ ಹೊಗೆಯಲ್ಲಿ ಒಣಗಿಸಿದ ಹಣ್ಣೂ ಒಂದಷ್ಟು ಸೇರುವುದುಂಟು. ಆ ಹೊಗೆವಾಸನೆಗೆ ಇಲ್ಲಿ ಬದಲಿ ಇಲ್ಲ, ಬಿಟ್ಟುಬಿಡಿ.

ಇನ್ನು ಬೋರ್ಶ್. ಉಕ್ರೇನಿನ ಬೋರ್ಶ್ ಮಾಡುವ ಸಂಸ್ಕೃತಿಯನ್ನು ಯುನೆಸ್ಕೊ 2022ರ ಜುಲೈ 1ರಂದು, ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಪ್ರತಿ ಪ್ರಾಂತ್ಯಕ್ಕೂ ಅದರದೇ ಬೋರ್ಶ್ ಇದೆ. ಪೂರ್ವ ಮತ್ತು ನಡುನಾಡಿನಲ್ಲಿ ಈ ರಾತ್ರಿಗೂ ಎಲೆಕೋಸು, ಆಲೂಗಡ್ಡೆ, ಬೀನ್ಸ್ ಕಾಳು ಹಾಕಿದ ಗಟ್ಟಿ ಬೋರ್ಶ್ ಮಾಡುವವರು ಹೆಚ್ಚು. ತೆರ್ನೋಪಿಲ್, ಲ್ವಿವ್ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ತಿಳಿಯಾದ ಕೆಂಪು ಬೋರ್ಶ್, ಅದರೊಳಗೆ ವುಶ್ಕಾ ಎಂಬ ಪುಟ್ಟ ಅಣಬೆ ಕಡುಬು. ನೀವು ಮಾಡಬೇಕಾದ್ದು ಇದನ್ನೇ.

ಇದಕ್ಕೆ ಹುಳಿ ಕೊಡುವುದು ಉಪ್ಪುನೀರಿನಲ್ಲಿ ಹುಳಿ ಬರಿಸಿದ ರಸ, ಅಂದರೆ ಬೀಟ್‌ರೂಟ್ ಕ್ವಾಸ್. ಒಂದು ಕೆಜಿ ಬೀಟ್‌ರೂಟ್ ಸಿಪ್ಪೆ ತೆಗೆದು ಹೋಳು ಮಾಡಿ, ಮೂರು ಲೀಟರಿನ ಗಾಜಿನ ಭರಣಿಗೆ ಹಾಕಿ. ಒಂದೂವರೆ ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ 30 ಗ್ರಾಂ ಉಪ್ಪು ಕರಗಿಸಿ ಸುರಿಯಿರಿ, ಜೊತೆಗೆ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ. ಹೋಳು ನೀರಿನ ಮೇಲೆ ತೇಲಬಾರದು, ಸಣ್ಣ ತಟ್ಟೆಯ ಭಾರ ಇಡಿ. ಬಾಯಿಗೆ ಬಟ್ಟೆ ಕಟ್ಟಿ. ಅಲ್ಲಿನ ಚಳಿಗೆ ಒಂದು ವಾರ ಹಿಡಿಯುವುದು ಬೆಂಗಳೂರಿನ ಡಿಸೆಂಬರಿನಲ್ಲಿ ನಾಲ್ಕೈದು ದಿನಕ್ಕೆ ಬರುತ್ತದೆ. ಮೇಲೆ ತೆಳುವಾದ ಬಿಳಿ ಪೊರೆ ಬಂದರೆ ತೆಗೆದುಹಾಕಿ, ಕೆಟ್ಟಿಲ್ಲ. ಹಸಿರೋ ಕಪ್ಪೋ ಬೂಸ್ಟು ರೋಮದಂತೆ ಎದ್ದಿದ್ದರೆ ಭರಣಿಯಷ್ಟನ್ನೂ ಚೆಲ್ಲಿ. ಹುಳಿ ಬಂದ ಮೇಲೆ ಸೋಸಿ ಫ್ರಿಜ್ಜಿನಲ್ಲಿಡಿ. ಸಮಯ ಮೀರಿದ್ದರೆ ನಿಂಬೆರಸದಿಂದ ಕೆಲಸ ನಡೆಯುತ್ತದೆ, ಆದರೆ ಕ್ವಾಸಿನ ಆಳ ಬರುವುದಿಲ್ಲ.

40 ಗ್ರಾಂ ಒಣ ಅಣಬೆಯನ್ನು ತೊಳೆದು ಒಂದೂವರೆ ಲೀಟರ್ ನೀರಿನಲ್ಲಿ ಮೂರು ಗಂಟೆ ನೆನೆಸಿ. ಅಲ್ಲಿ ಬಳಸುವುದು ಕಾಡಿನ ಬಿಳಿ ಅಣಬೆ. ಇಲ್ಲಿ ಪೊರ್ಚೀನಿ ಎಂಬ ಹೆಸರಿನಲ್ಲಿ ಆನ್‌ಲೈನಿನಲ್ಲಿ ಸಿಗುತ್ತದೆ, ದುಬಾರಿ. ಅರ್ಧ ಪೊರ್ಚೀನಿ ಅರ್ಧ ಶಿಟಾಕೆ ಹಾಕಬಹುದು. ಬರೀ ಶಿಟಾಕೆ ಹಾಕಿದರೆ ಚೀನಾ ಸೂಪಿನ ವಾಸನೆ ಬರುತ್ತದೆ, ಹಾಗೆ ಮಾಡಬೇಡಿ. ನೆನೆದ ನೀರಿನ ತಳದಲ್ಲಿ ಮರಳು ಇರುತ್ತದೆ, ಬಟ್ಟೆಯಲ್ಲಿ ಸೋಸಿಯೇ ಬಳಸಿ. ಅದರಲ್ಲಿ ಅಣಬೆ, ಒಂದು ಇಡೀ ಈರುಳ್ಳಿ, ಒಂದು ಕ್ಯಾರೆಟ್, ಎರಡು ಪಲಾವ್ ಎಲೆ, ಆರು ಕಾಳುಮೆಣಸು ಹಾಕಿ 40 ನಿಮಿಷ ಬೇಯಿಸಿ. ಅಣಬೆಯನ್ನು ತೆಗೆದಿಡಿ, ತರಕಾರಿ ಬಿಸಾಡಿ. ಅರ್ಧ ಕೆಜಿ ಬೀಟ್‌ರೂಟನ್ನು ಸಿಪ್ಪೆ ಸಮೇತ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಸುಟ್ಟು, ಸುಲಿದು ತುರಿದು ಈ ರಸಕ್ಕೆ ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಕೊನೆಗೆ ಅರ್ಧ ಲೀಟರ್ ಕ್ವಾಸ್.

ಬಹಳ ಜನ ಎಡವುವುದು ಇಲ್ಲೇ. ಬೀಟ್‌ರೂಟಿನ ಕೆಂಪು ಹುಳಿಯಲ್ಲಿ ನಿಲ್ಲುತ್ತದೆ, ಹೆಚ್ಚು ಹೊತ್ತು ಕುದಿದರೆ ಕಂದಾಗುತ್ತದೆ. ಕ್ವಾಸ್ ಬಿದ್ದ ಮೇಲೆ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡೊಡನೆ ಒಲೆ ಆರಿಸಿ. ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಸಕ್ಕರೆ ಹಾಕಿ ಮುಚ್ಚಿಡಿ. ಕ್ವಾಸಿನಲ್ಲೇ ಉಪ್ಪಿದೆ, ರುಚಿ ನೋಡದೆ ಉಪ್ಪು ಹಾಕಬೇಡಿ. ಒಂದು ರಾತ್ರಿ ಕೂತರೆ ರುಚಿ ಕೂಡಿಕೊಳ್ಳುತ್ತದೆ. ಮರುದಿನ ಸೋಸಿ, ಕುದಿಸದೆ ಬಿಸಿ ಮಾಡಿ. ಗಟ್ಟಿ ಬೋರ್ಶ್ ಮಾಡುವವರಿಗೂ ಒಂದು ಮಾತು: ಆಲೂಗಡ್ಡೆ ಬೆಂದ ಮೇಲೆಯೇ ಹುಳಿ ಹಾಕಬೇಕು. ಮೊದಲೇ ಹಾಕಿದರೆ ಎಷ್ಟು ಬೇಯಿಸಿದರೂ ಅದು ಗಟ್ಟಿಯಾಗಿಯೇ ಉಳಿಯುತ್ತದೆ.

ವುಶ್ಕಾಕ್ಕೆ 200 ಗ್ರಾಂ ಮೈದಾ, 100 ಮಿಲಿ ಬಿಸಿನೀರು, ಒಂದು ಚಮಚ ಎಣ್ಣೆ, ಉಪ್ಪು. ನಾದಿ ಅರ್ಧ ಗಂಟೆ ಮುಚ್ಚಿಡಿ. ತೆಗೆದಿಟ್ಟ ಅಣಬೆಯನ್ನು ಸಣ್ಣಗೆ ಕೊಚ್ಚಿ, ಕೆಂಪಗೆ ಹುರಿದ ಈರುಳ್ಳಿಯೊಂದಿಗೆ ನೀರಿನಂಶ ಹೋಗುವವರೆಗೂ ಬಾಡಿಸಿ. ಹೂರಣ ಒದ್ದೆಯಿದ್ದರೆ ಬೇಯುವಾಗ ಬಾಯಿ ಬಿಡುತ್ತದೆ. ತೆಳ್ಳಗೆ ಲಟ್ಟಿಸಿ ನಾಲ್ಕು ಸೆಂಟಿಮೀಟರಿನ ಚೌಕ ಕತ್ತರಿಸಿ, ಅರ್ಧ ಚಮಚ ಹೂರಣ ಇಟ್ಟು ತ್ರಿಕೋನವಾಗಿ ಮಡಚಿ, ಎರಡು ತುದಿ ಕೂಡಿಸಿ ಒತ್ತಿ. ಉಪ್ಪು ನೀರಿನಲ್ಲಿ ಬೇರೆಯಾಗಿಯೇ ಬೇಯಿಸಿ, ಮೇಲೆ ತೇಲಿ ಎರಡು ನಿಮಿಷಕ್ಕೆ ತೆಗೆದು ಎಣ್ಣೆ ಸವರಿ. ಬೋರ್ಶಿನಲ್ಲೇ ಬೇಯಿಸಿದರೆ ಹಿಟ್ಟು ಬಿಟ್ಟು ತಿಳಿ ಕದಡುತ್ತದೆ. ಬಡಿಸುವಾಗ ಬಟ್ಟಲಿಗೆ ಐದಾರು ಹಾಕಿ ಮೇಲೆ ಬೋರ್ಶ್ ಸುರಿಯಿರಿ.

ಇದೇ ಹಿಟ್ಟನ್ನು ದುಂಡಗೆ ಕತ್ತರಿಸಿ ಆಲೂಗಡ್ಡೆ ಪಲ್ಯ ತುಂಬಿದರೆ ವರೇನಿಕಿ. ಪಲ್ಯಕ್ಕೆ ಉಪ್ಪು, ಮೆಣಸು, ಹುರಿದ ಈರುಳ್ಳಿ ಬಿಟ್ಟು ಬೇರೇನೂ ಬೇಡ, ಅರಿಸಿನವೂ ಬೇಡ. ಅನ್ನ-ಅಣಬೆ ತುಂಬಿ ಎಲೆಕೋಸಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಹೊಲುಬ್ತ್ಸಿ, ಬೆಳ್ಳುಳ್ಳಿ ಹಾಕಿ ಮಸೆದ ಬೀನ್ಸ್ ಕಾಳು, ಬಟಾಣಿ ಹಾಕಿ ಬೇಯಿಸಿದ ಹುಳಿ ಎಲೆಕೋಸು, ಬೇಯಿಸಿದ ಆಲೂಗಡ್ಡೆ, ಉಪ್ಪಿನ ಸೌತೆ, ಬ್ರೆಡ್ಡು: ಇಷ್ಟರಲ್ಲಿ ಹತ್ತು ದಾಟಿತು.

ಮೇಜಿನ ಮೇಲೆ ಒಂದು ಹಿಡಿ ಒಣಹುಲ್ಲು ಹರಡಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ನಾಲ್ಕು ಮೂಲೆಗೆ ಒಂದೊಂದು ಎಸಳು ಬೆಳ್ಳುಳ್ಳಿ ಬಟ್ಟೆಯಡಿ ಇಡುತ್ತಾರೆ. ಮೂಲೆಯಲ್ಲಿ ದಿದುಖ್ ಎಂಬ ತೆನೆಯ ಕಟ್ಟು. ಅದು ಮನೆಯ ಹಿರಿಯರ ಸಂಕೇತ. ತೀರಿಹೋದವರಿಗೆಂದು ಒಂದು ತಟ್ಟೆ, ಒಂದು ಚಮಚ ಹೆಚ್ಚಿಗೆ ಇಡಿ. ಯುದ್ಧದಿಂದಾಗಿ ಈ ಕುಟುಂಬಗಳಲ್ಲಿ ಈಚಿನ ವರ್ಷಗಳಲ್ಲಿ ಆ ತಟ್ಟೆಯ ತೂಕ ಹೆಚ್ಚಿದೆ, ಅದರ ಬಗ್ಗೆ ನೀವಾಗಿ ಏನೂ ಕೇಳಬೇಡಿ. ಮೊದಲ ನಕ್ಷತ್ರ ಕಂಡ ಮೇಲೆ ಕೂರುವುದು ಪದ್ಧತಿ. ಅವರು 'ಖ್ರಿಸ್ತೋಸ್ ನರೋದಿವ್‌ಸ್ಯಾ' (ಕ್ರಿಸ್ತ ಹುಟ್ಟಿದ) ಎಂದರೆ ನೀವು 'ಸ್ಲಾವಿಮೊ ಯೊಹೊ' (ಆತನನ್ನು ಸ್ತುತಿಸೋಣ) ಎನ್ನಿ.

ಉಡುಪಿಗೆ ಬಂದರೆ, ನೀವು ಸೀರೆ ಉಡಿ, ಅದೇ ಚಂದ. ಅವರು ವಿಶಿವಾಂಕಾ ಎಂಬ ಕಸೂತಿಯ ಅಂಗಿ ಕೊಡುಗೆಯಾಗಿ ತಂದರೆ ಅಂದೇ ತೊಡಿ, ಅವರಿಗೆ ಹಿಗ್ಗಾಗುತ್ತದೆ. ಕಸೂತಿ ಇರುವುದು ಕತ್ತು, ತೋಳು, ಮಣಿಕಟ್ಟಿನ ಪಟ್ಟಿಗಳಲ್ಲಿ. ಉಡುಪಿನ ಬಾಯಿಗಳನ್ನು ಅದು ಕಾಯುತ್ತದೆ ಎಂಬ ನಂಬಿಕೆ. ನಡುನಾಡಿನ ಪೊಲ್ತಾವಾ ಪ್ರಾಂತ್ಯದ್ದು ಬಿಳಿಯ ಮೇಲೆ ಬಿಳಿ ನೂಲು. ತೆರ್ನೋಪಿಲ್ ಪ್ರಾಂತ್ಯದ ಬೋರ್ಶ್‌ಚಿವ್ ಅಂಗಿಯ ತೋಳು ದಟ್ಟ ಕಪ್ಪು ಉಣ್ಣೆಯಿಂದ ತುಂಬಿರುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಒಳಮಗ್ಗುಲಿನ ಫೋಟೊ ಕೇಳಿ: ಅಚ್ಚು ಹೊಡೆದದ್ದಾದರೆ ಒಳಗೆ ನೂಲೇ ಇರುವುದಿಲ್ಲ. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಕೆಂಪು ನೂಲು ಬಣ್ಣ ಬಿಡಬಹುದು, ಇಸ್ತ್ರಿ ಒಳಮಗ್ಗುಲಿಗೆ. ಹೂವಿನ ಕಿರೀಟ ಮಾತ್ರ ಬೇಡ. ಅದು ಮದುವೆಯಾಗದ ಹುಡುಗಿಯರದು.

ಕೆಲಸದ ಕ್ರಮ: ಕ್ವಾಸ್ 18ಕ್ಕೆ ಹಾಕಿ. ವುಶ್ಕಾ, ವರೇನಿಕಿ 22ಕ್ಕೆ ಮಾಡಿ ಹಸಿಯಾಗಿಯೇ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿಡಿ. ವುಶ್ಕಾದ ಹೂರಣಕ್ಕೆ ಅಣಬೆ ಬೇಕಾದ್ದರಿಂದ ಅಣಬೆಯ ರಸವೂ ಅಂದೇ ತಯಾರಾಗಿ ಫ್ರಿಜ್ಜಿಗೆ ಹೋಗುತ್ತದೆ. ಬೋರ್ಶ್, ಉಜ್ವಾರ್, ಹೊಲುಬ್ತ್ಸಿ 23ರ ಸಂಜೆ. ಅದೇ ರಾತ್ರಿ ಗೋಧಿ, ಕಾಳು ನೆನೆಹಾಕಿ. 24ರ ಬೆಳಿಗ್ಗೆ ಮೊದಲ ಕೆಲಸ ಕುಟ್ಯಾ. ಫ್ರೀಜರಿನಿಂದ ತೆಗೆದದ್ದನ್ನು ಕರಗಲು ಬಿಡದೆ ನೇರ ಕುದಿಯುವ ನೀರಿಗೆ ಹಾಕಿ, ಒಂದು ನಿಮಿಷ ಹೆಚ್ಚು ಬೇಯಿಸಿ.