ಗ್ಯಾರೇಜಿನ ಬಾಗಿಲು ತೆಗೆಯಿರಿ

ಪ್ರಶ್ನೆ: ನನಗೆ 22 ವರ್ಷ. ಎರಡು ವರ್ಷ ಕೂಡಿಟ್ಟ ಹಣದಲ್ಲಿ 1967ರ ಪಾಂಟಿಯಾಕ್ ಲೆಮಾನ್ಸ್ ಕೊಂಡೆ. ಅದನ್ನು ಪಾಂಟಿಯಾಕ್‌ನದೇ ಹೆಚ್ಚು ಶಕ್ತಿಯ ಕಾರಾದ ಅದೇ ವರ್ಷದ ಜಿಟಿಓ ಥರ ಮಾಡಬೇಕು ಅನ್ನೋದು ಚಿಕ್ಕಂದಿನ ಆಸೆ. ಅಸಲಿ ಜಿಟಿಓ ಕೊಳ್ಳುವ ಶಕ್ತಿ ನನಗಿಲ್ಲ. ಉತ್ಸಾಹದಲ್ಲಿ ನನ್ನ ಲೆಮಾನ್ಸ್‌ನ 326 ಕ್ಯುಬಿಕ್ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಇಳಿಸಿದೆ. ಸೀಟು, ಡ್ಯಾಶ್‌ಬೋರ್ಡ್, ಬಾಗಿಲು ಎಲ್ಲವನ್ನೂ ಬಿಚ್ಚಿದೆ. ಅಸಲಿ ಗಾಡಿ ಇಟ್ಟುಕೊಂಡಿರುವ ಪರಿಚಯದವರೊಬ್ಬರು ನೋಡಿ, ‘ಎಷ್ಟು ಮಾಡಿದರೂ ಇದು ನಕಲಿಯೇ’ ಎಂದು ನಕ್ಕರು. ಅಪ್ಪನೂ ‘ನಕಲಿಗೆ ಯಾಕಿಷ್ಟು ಒದ್ದಾಟ, ಮಾರಿಬಿಡು’ ಅನ್ನುತ್ತಾರೆ. ಮೂರು ತಿಂಗಳಿಂದ ಗ್ಯಾರೇಜಿನ ಬಾಗಿಲು ತೆಗೆದಿಲ್ಲ. ಮಾರಿಬಿಡಲಾ?
– ಹೆಸರು ಬೇಡ

ಉತ್ತರ: ಮಾರಬೇಡಿ. ಈಗಂತೂ ಬೇಡವೇ ಬೇಡ. ಬಿಚ್ಚಿ ಹರಡಿದ ಗಾಡಿಗೆ ಸರಿಯಾದ ಬೆಲೆ ಸಿಗುವುದಿಲ್ಲ. ಕಣ್ಣಿಗೆ ಕಾಣದ ಸಾಮಾನೆಲ್ಲ ಕಳೆದುಹೋಗಿದೆ ಅಂತಲೇ ಕೊಳ್ಳುವವರು ಲೆಕ್ಕ ಹಾಕುತ್ತಾರೆ. ಇನ್ನೊಂದು ಮಾತು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಾಡಿಯ ಬಗ್ಗೆ ಬೇಸರ ಅದರಲ್ಲಿ ಎಲ್ಲೂ ಇಲ್ಲ. ಇರುವುದು ನಾಚಿಕೆ. ‘ನಕಲಿ’ ಅನ್ನುವ ಒಂದು ಮಾತು ನಿಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿಬಿಟ್ಟಿದೆ.

ಜಿಟಿಓ ಹುಟ್ಟಿದ ಕಥೆ ಆ ಪರಿಚಯದವರಿಗೂ ಗೊತ್ತಿರಬೇಕು. ಆಗ ಪಾಂಟಿಯಾಕ್‌ನ ಒಡೆಯ ಕಂಪನಿ ಜನರಲ್ ಮೋಟರ್ಸ್‌ನಲ್ಲಿ ಒಂದು ನಿಯಮವಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯುಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವಂತಿಲ್ಲ. ಪಾಂಟಿಯಾಕ್‌ನ ಜಾನ್ ಡಿಲೋರಿಯನ್ ಮತ್ತು ಜೊತೆಗಿದ್ದ ಎಂಜಿನಿಯರುಗಳು ಅದೇ ಗಾತ್ರದ ಟೆಂಪೆಸ್ಟ್‌ಗೆ 389 ಕ್ಯುಬಿಕ್ ಇಂಚಿನ ವಿ8 ಕೂರಿಸಿದರು. ಅಂದರೆ ಸುಮಾರು 6.4 ಲೀಟರ್. ನಿಯಮದ ಕಣ್ಣಿಗೆ ಬೀಳದಿರಲಿ ಎಂದು ಅದನ್ನು ಹೊಸ ಕಾರು ಅನ್ನಲಿಲ್ಲ. ಟೆಂಪೆಸ್ಟ್‌ನದೇ ಮೇಲ್ದರ್ಜೆಯ ಮಾದರಿಯಾದ ಲೆಮಾನ್ಸ್ ಕೊಳ್ಳುವವರು ಬೇಕಿದ್ದರೆ ಸೇರಿಸಿಕೊಳ್ಳುವ ಪ್ಯಾಕೇಜ್ ಅಂತ 1964ರ ಮಾದರಿಯಲ್ಲಿ ಮಾರಿದರು. ಹೆಸರನ್ನೂ ಫೆರಾರಿಯ 250 ಜಿಟಿಓದಿಂದ ಎತ್ತಿಕೊಂಡರು. ಮೊದಲ ವರ್ಷವೇ 32,450 ಕಾರು ಹೋದವು. ಲೆಮಾನ್ಸ್‌ಗೆ ದೊಡ್ಡ ಎಂಜಿನ್ ಹಾಕುವ ಆಸೆ ಮೊದಲು ಬಂದಿದ್ದು ಕಾರ್ಖಾನೆಯವರಿಗೇ. ಅದೇ ಆಸೆ ನಿಮಗೂ ಬಂದಿದೆ. ಇದರಲ್ಲಿ ನಾಚಿಕೆ ಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಹಾಗಂತ ನಿಮ್ಮದು ಅಸಲಿ ಜಿಟಿಓ ಅಲ್ಲ, ಆಗುವುದೂ ಇಲ್ಲ. 1966ರಿಂದ ಜಿಟಿಓ ಬೇರೆಯೇ ಮಾದರಿಯಾಯಿತು. 1967ರ ಜಿಟಿಓಗೆ ಕಾರ್ಖಾನೆ ಕೊಟ್ಟ ಗುರುತಿನ ನಂಬರ್ (ವಿಐಎನ್) 242ರಿಂದ ಶುರುವಾಗುತ್ತದೆ, ನಿಮ್ಮ ಲೆಮಾನ್ಸ್‌ನದು 237ರಿಂದ. ಆ ನಂಬರ್ ಇರುವ ಪ್ಲೇಟನ್ನು ಮುಟ್ಟಬೇಡಿ, ಯಾರು ಹೇಳಿದರೂ ಸರಿ. ಬ್ಯಾಡ್ಜ್ ಹಾಕಬಹುದು, ಬಾನೆಟ್ ಮೇಲೆ ಸ್ಕೂಪ್ (ಗಾಳಿಬಾಯಿಯಂಥ ಉಬ್ಬು) ಕೂರಿಸಬಹುದು, ಜಾಲರಿ ಗ್ರಿಲ್ ತರಬಹುದು. ಆದರೆ ಗಾಡಿ ನೋಡಲು ಬಂದವರು ಬಾಯಿ ಬಿಡುವ ಮೊದಲೇ ‘ಇದು ಲೆಮಾನ್ಸ್, ಜಿಟಿಓ ಥರ ನಾನೇ ಕಟ್ಟಿದ್ದು’ ಅಂತ ನೀವೇ ಹೇಳಿಬಿಡಿ. ಸುಳ್ಳು ಹೇಳಿ ಮಾರುವ ಗಾಡಿಯನ್ನು ನಕಲಿ ಅನ್ನಬೇಕು. ನಿಮ್ಮದನ್ನಲ್ಲ.

ಈಗ ಕೆಲಸದ ಮಾತು. ಎಲ್ಲವನ್ನೂ ಒಂದೇ ಸಲ ಬಿಚ್ಚಿದಿರಿ, ತಪ್ಪಾಗಿದ್ದು ಅಲ್ಲಿ. ನಾನೂ ನಿಮ್ಮ ವಯಸ್ಸಿನಲ್ಲಿ ಒಂದು ಹಳೇ ಕಾರು ಬಿಚ್ಚಿ, ನಟ್ಟು ಬೋಲ್ಟನ್ನೆಲ್ಲ ಖಾಲಿ ಪೇಂಟ್ ಡಬ್ಬಿಯೊಂದಕ್ಕೆ ಸುರಿದಿದ್ದೆ. ವರ್ಷ ಕಳೆದ ಮೇಲೆ ಬಾಗಿಲು ಕೂರಿಸಲು ಹೋದರೆ ಯಾವ ಬೋಲ್ಟ್ ಎಲ್ಲಿಯದು ಅಂತ ತಿಳಿಯಲಿಲ್ಲ. ಒಂದೊಂದನ್ನೇ ತೆಗೆದು, ಎರಡು ಸುತ್ತು ತಿರುಗಿಸಿ, ಕೂರದಿದ್ದರೆ ಪಕ್ಕಕ್ಕಿಟ್ಟು, ಇಡೀ ದಿನ ಕಳೆದೆ. ಕತ್ತಲಾದರೂ ಬಾಗಿಲು ನೆಲದ ಮೇಲೇ ಇತ್ತು. ಆಮೇಲೆ ಎಷ್ಟೋ ತಿಂಗಳು ನಾನೂ ಆ ಕಡೆ ಹೋಗಲಿಲ್ಲ. ಅದಕ್ಕೇ ನಿಮ್ಮ ಮೂರು ತಿಂಗಳು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಿಮಗೆ ನೆನಪಿನ್ನೂ ಹಸಿಯಾಗಿದೆ. ಈ ವಾರವೇ ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲ ತಂದು, ಯಾವುದು ಎಲ್ಲಿಯದು ಅಂತ ಬರೆದು ತುಂಬಿಡಿ. ಇನ್ನು ಮುಂದೆ ಏನು ಬಿಚ್ಚಿದರೂ ಮೊದಲು ಫೋಟೊ, ಆಮೇಲೆ ಸ್ಪ್ಯಾನರ್.

ಆಮೇಲೆ, ದೊಡ್ಡ ಎಂಜಿನ್ನಿನ ಯೋಚನೆ ಸದ್ಯಕ್ಕೆ ಬಿಡಿ. ಕೇಳಿ ಬೇಜಾರಾಗಬಹುದು. ಆದರೆ ನಿಮ್ಮ 326 ಮತ್ತು ಆ ವರ್ಷದ ಜಿಟಿಓದ 400, ಎರಡೂ ಒಂದೇ ಮನೆಯ ಎಂಜಿನ್ನುಗಳು. ಹೊರಗಿನ ಅಳತೆಯೂ ಒಂದೇ. ಇವತ್ತು 326 ಕೂತ ಜಾಗದಲ್ಲಿ ಮುಂದೆ ಯಾವತ್ತಾದರೂ 400 ಕೂರುತ್ತದೆ. ಹಾಗಾಗಿ ಇಳಿಸಿದ ಎಂಜಿನ್ನನ್ನೇ ಮತ್ತೆ ಹತ್ತಿಸಿ, ಗಾಡಿಯನ್ನು ಒಮ್ಮೆ ತನ್ನ ಕಾಲ ಮೇಲೆ ನಿಲ್ಲಿಸಿ. ಓಡುವ ಗಾಡಿ ಮೇಲೆ ಕೆಲಸ ಮಾಡುವ ಹುಮ್ಮಸ್ಸೇ ಬೇರೆ. ಒಂದು ಸಲಕ್ಕೆ ಒಂದೇ ಕೆಲಸ, ಅದು ಮುಗಿದ ಮೇಲೆ ಒಂದು ಸುತ್ತು. ಶಕ್ತಿ ಹೆಚ್ಚಿಸುವ ಮೊದಲು ಬ್ರೇಕ್ ನೋಡಿ. ಆ ಕಾಲದ ಡ್ರಮ್ ಬ್ರೇಕು ಪದೇ ಪದೇ ಒತ್ತಿದರೆ ಕಾದು ಹಿಡಿತ ಬಿಡುತ್ತದೆ. ಮುಂದಿನ ಚಕ್ರಕ್ಕೆ ಡಿಸ್ಕ್ 1967ರಲ್ಲೇ ಆಯ್ಕೆಯಾಗಿ ಬಂದಿತ್ತು, ಅದನ್ನು ಹಾಕಿಸಿದರೆ ಗಾಡಿಯ ಕಾಲಕ್ಕೂ ಒಪ್ಪುತ್ತದೆ. ಮತ್ತೆ, ಬರೀ ಜಾಕ್ ನಂಬಿ ಗಾಡಿ ಕೆಳಗೆ ಯಾವತ್ತೂ ಮಲಗಬೇಡಿ. ಸ್ಟ್ಯಾಂಡ್ ಕೊಟ್ಟು, ಒಮ್ಮೆ ಅಲುಗಾಡಿಸಿ ನೋಡಿ, ಆಮೇಲೆ ಒಳಗೆ ಹೋಗಿ. ಇದೊಂದನ್ನು ನನಗೋಸ್ಕರವಾದರೂ ಪಾಲಿಸಿ.

ಅಪ್ಪನ ವಿಷಯ. ಅವರ ಬಾಯಿಂದ ಬಂದ ಮಾತು ‘ನಕಲಿ’ ಇರಬಹುದು. ಆದರೆ ಅವರು ನೋಡುತ್ತಿರುವುದು ಮುಚ್ಚಿದ ಬಾಗಿಲು, ಒಳಗೆ ಸಿಕ್ಕಿಕೊಂಡ ಎರಡು ವರ್ಷದ ದುಡ್ಡು, ಹೊರಗೆ ಸಪ್ಪೆ ಮೋರೆ ಹಾಕಿಕೊಂಡು ಕೂತ ಮಗು. ಅವರ ಜೊತೆ ವಾದ ಮಾಡಬೇಡಿ. ತಿಂಗಳಿಗೆ ಇಷ್ಟೇ ಖರ್ಚು ಮಾಡುತ್ತೇನೆ ಅಂತ ಒಂದು ಮೊತ್ತ ಹೇಳಿ, ಅದನ್ನು ದಾಟಬೇಡಿ. ಆಮೇಲೆ ಒಂದು ಸಂಜೆ ಟಾರ್ಚ್ ಹಿಡಿಯೋಕೆ ಬನ್ನಿ ಅಂತ ಕರೆಯಿರಿ. ಈ ಕಾರುಗಳಲ್ಲಿ ಹಿಂದಿನ ಗಾಜಿನ ಕೆಳಮೂಲೆಯಲ್ಲಿ ನೀರು ನಿಂತು, ತುಕ್ಕು ಹಿಡಿದು, ಅಲ್ಲಿಂದ ಡಿಕ್ಕಿಯ ತಳಕ್ಕೆ ಇಳಿಯುತ್ತದೆ. ಮೇಲೆ ಪೇಂಟ್ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದು ಅಯಸ್ಕಾಂತಕ್ಕೆ ಮೆತ್ತನೆ ಬಟ್ಟೆ ಸುತ್ತಿ ಆ ಮೂಲೆಯಲ್ಲಿ ಮೆಲ್ಲಗೆ ಎಳೆಯಿರಿ. ಹಿಡಿದರೆ ತಗಡು, ಜಾರಿದರೆ ಒಳಗಿರುವುದು ಪುಟ್ಟಿ. ಆಮೇಲೆ ಡಿಕ್ಕಿ ತೆಗೆದು, ಅಪ್ಪ ಒಳಗಿನಿಂದ ಮೇಲಕ್ಕೆ ಟಾರ್ಚ್ ಬಿಡಲಿ. ನೀವು ಹೊರಗೆ ನಿಂತು, ಎಲ್ಲೆಲ್ಲಿ ಬೆಳಕು ತೂರಿ ಬರುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ.