ಗುಂಡಿ ದೊಡ್ಡದು, ಸೆಗಣಿ ಸಾಲದು
ಗೋಬರ್ ಗ್ಯಾಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ಜರ್ಸಿ ಕ್ರಾಸ್ ಹಸು, ಒಂದು ಕರು, ಮೂರು ಮಲೆನಾಡು ಗಿಡ್ಡ ಇವೆ. ಮನೆಯಲ್ಲಿ ಆರು ಜನ. ಮೇಸ್ತ್ರಿ ಗೋಬರ್ ಗ್ಯಾಸ್ ಘಟಕ 4 ಘನ ಮೀಟರಿನದೇ ಕಟ್ಟಿಸಿ, ಮುಂದೆ ಹಸು ಹೆಚ್ಚಾದಾಗ ಬೇಕಾಗುತ್ತದೆ ಅನ್ನುತ್ತಾರೆ. ಕೇಳಬಹುದೇ? (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಬೇಡ. ಒಂದು ವಾರ ಸೆಗಣಿ ತೂಗಿ ನೋಡಿ, ಆಮೇಲೆ ಮೇಸ್ತ್ರಿಯನ್ನು ಕರೆಯಿರಿ. ಘಟಕದ ಅಳತೆ ಎಂದರೆ ದಿನಕ್ಕೆ ಹುಟ್ಟುವ ಅನಿಲ. 1 ಘನ ಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 25 ಕೆಜಿ ಹಸಿ ಸೆಗಣಿ ಬೇಕು. ಕೊಟ್ಟಿಗೆಯಲ್ಲೇ ಇರುವ ಕ್ರಾಸ್ ಹಸು ತಲಾ 12 ಕೆಜಿ ಕೊಟ್ಟೀತು. ಗಿಡ್ಡಗಳು ಹಗಲೆಲ್ಲ ಬೆಟ್ಟದಲ್ಲಿರುತ್ತವೆ, ನಿಮಗೆ ಸಿಗುವುದು ರಾತ್ರಿಯ ಸೆಗಣಿ ಮಾತ್ರ. ತಲಾ 3 ಕೆಜಿ ಅಂದುಕೊಳ್ಳಿ. ಕರುವಿನದೂ ಸೇರಿ ಒಟ್ಟು 35 ಕೆಜಿ ಆಸುಪಾಸು ಆಗುತ್ತದೆ. ಅದರಿಂದ ಬರುವುದು 1.4 ಘನ ಮೀಟರ್ ಅನಿಲ. ನಿಮಗೆ 2 ಘನ ಮೀಟರಿನ ಘಟಕವೇ ತುಸು ದೊಡ್ಡದು. 4 ಘನ ಮೀಟರಿಗೆ ದಿನಾ 100 ಕೆಜಿ ಬೇಕು.

ಘಟಕ ದೊಡ್ಡದಿದ್ದರೆ ಹಣ ಹೆಚ್ಚು ಹೋಗುತ್ತದೆ, ನಷ್ಟ ಅಷ್ಟೇ ತಾನೇ ಎನ್ನುವವರಿದ್ದಾರೆ. ಅಷ್ಟೇ ಅಲ್ಲ. ನೆಲದೊಳಗೆ ಇಟ್ಟಿಗೆಯ ಗುಮ್ಮಟ (ಡೋಮ್) ಕಟ್ಟುವ ದೀನಬಂಧು ಮಾದರಿಯಲ್ಲಿ ಅನಿಲವು ಬಗ್ಗಡವನ್ನು, ಅಂದರೆ ನೀರಿನಲ್ಲಿ ಕಲಸಿದ ಸೆಗಣಿಯನ್ನು, ಹೊರತೊಟ್ಟಿಗೆ ತಳ್ಳಿ ಮೇಲೇರಿಸುತ್ತದೆ. ಎಷ್ಟು ಎತ್ತರ ಏರಿತೋ ಅಷ್ಟೇ ಒತ್ತಡ ಒಲೆಗೆ ಸಿಗುತ್ತದೆ. ದೊಡ್ಡ ಗುಂಡಿಯಲ್ಲಿ ಸ್ವಲ್ಪ ಅನಿಲ ಹುಟ್ಟಿದರೆ ಮಟ್ಟ ಏರುವುದೇ ಇಲ್ಲ, ಉರಿ ಸೊರಗುತ್ತದೆ. ಮನೆಯವರು ಸೆಗಣಿ ಸಾಲದ್ದಕ್ಕೆ ನೀರು ಹೆಚ್ಚು ಹಾಕುತ್ತಾರೆ, ಬಗ್ಗಡ ತೆಳುವಾಗುತ್ತದೆ, ಗಟ್ಟಿ ಭಾಗ ತಳ ಸೇರುತ್ತದೆ. ಎರಡನೇ ವರ್ಷಕ್ಕೆ ‘ನಮ್ಮ ಗೋಬರ್ ಗ್ಯಾಸ್ ಕೆಟ್ಟಿದೆ’ ಎಂಬ ಮಾತು ಶುರು. ನಾವು ಕೇಳಿದ ದೂರುಗಳಲ್ಲಿ ಇಟ್ಟಿಗೆ–ಸಿಮೆಂಟಿನ ತಪ್ಪಿಗಿಂತ ಈ ಲೆಕ್ಕದ ತಪ್ಪೇ ಹೆಚ್ಚು.

1 ಘನ ಮೀಟರ್ ಬಯೋಗ್ಯಾಸ್ ಸುಮಾರು 0.43 ಕೆಜಿ ಎಲ್‌ಪಿಜಿಗೆ ಸಮ. ನಿಮ್ಮ 1.4 ಘನ ಮೀಟರ್ ಎಂದರೆ ದಿನಕ್ಕೆ 0.6 ಕೆಜಿ, ಅಂದರೆ 23–24 ದಿನಕ್ಕೊಂದು ಸಿಲಿಂಡರ್ ಉಳಿಕೆ. ಆರು ಜನರ ಎರಡು ಹೊತ್ತಿನ ಅಡುಗೆಗೆ 1.5ರಿಂದ 1.8 ಘನ ಮೀಟರ್ ಬೇಕಾಗುತ್ತದೆ. ಹಾಗಾಗಿ ಅನಿಲ ಕೊರತೆ ಬಿದ್ದಾಗ, ನೆಂಟರು ಬಂದಾಗ ಇರಲೆಂದು ಸಿಲಿಂಡರ್ ಇಟ್ಟುಕೊಳ್ಳಿ. ಜಾಗ ಆರಿಸುವಾಗ ಅಡುಗೆಮನೆಗೆ 10 ಮೀಟರ್ ಒಳಗೆ, ಬಾವಿಯಿಂದ ಕನಿಷ್ಠ 15 ಮೀಟರ್ ದೂರ, ಮರದ ಬೇರು ಬರದ ಬಿಸಿಲು ಜಾಗ ನೋಡಿ.

ಪ್ರಶ್ನೆ: ಹೊಸ ಘಟಕಕ್ಕೆ ಸೆಗಣಿ ತುಂಬಿ ಮೂರು ವಾರ ಆಯಿತು. ಪೈಪಿನಲ್ಲಿ ಅನಿಲ ಬರುತ್ತದೆ, ಕಡ್ಡಿ ಗೀರಿದರೆ ಹತ್ತುವುದಿಲ್ಲ. (ಹಾವೇರಿ)

ಉತ್ತರ: ಮೊದಲು ಹುಟ್ಟುವುದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು. ಜೊತೆಗೆ ಡೋಮಿನೊಳಗೆ ಉಳಿದಿದ್ದ ಗಾಳಿಯೂ ಇರುತ್ತದೆ. ಉರಿಯುವ ಭಾಗವಾದ ಮೀಥೇನ್ ಅರ್ಧದಷ್ಟಾದರೂ ಆಗುವ ತನಕ ಉರಿ ನಿಲ್ಲದು. ಪಳಗಿದ ಘಟಕದಲ್ಲಿ ಅದು ಶೇ 55ರಿಂದ 65 ಇರುತ್ತದೆ. ಡೋಮ್ ತುಂಬಿದಾಗ ಅನಿಲವನ್ನೆಲ್ಲ ಬಯಲಿಗೆ ಬಿಡಿ, ಮತ್ತೆ ತುಂಬಲಿ, ಮತ್ತೆ ಬಿಡಿ. ಎರಡು ಮೂರು ಸಲಕ್ಕೆ ಹತ್ತುತ್ತದೆ. ಬಿಡುವಾಗ ಹತ್ತಿರ ಬೀಡಿ, ದೀಪ ಯಾವುದೂ ಇರಬಾರದು.

ಡೋಮಿನ ಮೇಲಿನ ಪೈಪಿನ ಬಾಯಿಗೆ ಕಡ್ಡಿ ಹಿಡಿದು ಪರೀಕ್ಷೆ ಮಾಡಬೇಡಿ. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಅದು ಸ್ಫೋಟಕ ಮಿಶ್ರಣ. ಉರಿ ಪೈಪಿನೊಳಗೆ ಹಿಂದಕ್ಕೆ ಓಡಿದರೆ ಡೋಮೇ ಸೀಳುತ್ತದೆ. ಪರೀಕ್ಷೆ ಅಡುಗೆಮನೆಯ ಬರ್ನರಿನಲ್ಲೇ ಆಗಲಿ.

ಇನ್ನು ತುಂಬಿದ ರೀತಿ ನೋಡಿಕೊಳ್ಳಿ. 2 ಘನ ಮೀಟರಿನ ಘಟಕಕ್ಕೆ ದಿನಾ 50 ಕೆಜಿ ಸೆಗಣಿ, 50 ಲೀಟರ್ ನೀರು, 40 ದಿನ ಒಳಗಿರಬೇಕು. ಅಂದರೆ ಮೊದಲ ಸಲ ಸುಮಾರು 4,000 ಲೀಟರ್, ಅದರಲ್ಲಿ ಸೆಗಣಿಯೇ ಎರಡು ಟನ್. ತಿಂಗಳುಗಟ್ಟಲೆ ಒಣಗಿದ ತಿಪ್ಪೆ ಸೆಗಣಿ ಹಾಕಿದ್ದರೆ ಅದರಲ್ಲಿ ಸತ್ವ ಉಳಿದಿರುವುದಿಲ್ಲ. ಊರಿನಲ್ಲಿ ನಡೆಯುತ್ತಿರುವ ಬೇರೆ ಘಟಕದ ಬಗ್ಗಡ ಹತ್ತಿಪ್ಪತ್ತು ಬಕೆಟ್ ತಂದು ಸುರಿಯಿರಿ, ಮೊಸರಿಗೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ. ಅನಿಲ ಹತ್ತಿಕೊಳ್ಳುವ ತನಕ ಹೊಸ ಸೆಗಣಿ ಹಾಕಬೇಡಿ.

ಪ್ರಶ್ನೆ: ನಾಲ್ಕು ವರ್ಷ ಚೆನ್ನಾಗಿತ್ತು. ಈಗ ಉರಿ ಡಬ್ ಡಬ್ ಎಂದು ಕುಣಿಯುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಚಳಿಗಾಲದಲ್ಲಿ ಅನಿಲವೂ ಕಡಿಮೆ. (ಶಿರಸಿ)

ಉತ್ತರ: ಕುಣಿಯುವ ಉರಿಗೆ ಕಾರಣ ಪೈಪಿನೊಳಗಿನ ನೀರು. ಬಗ್ಗಡದಿಂದ ಹೊರಡುವ ಅನಿಲ ಹಸಿಯಾಗಿರುತ್ತದೆ, ತಂಪು ಪೈಪಿನಲ್ಲಿ ಹನಿಯಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ನಾಲ್ಕು ವರ್ಷದಲ್ಲಿ ಪೈಪು ಎಲ್ಲೋ ಜೋತುಬಿದ್ದಿದೆ. 100 ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಇರಬೇಕು, ಅತಿ ತಗ್ಗಿನ ಜಾಗದಲ್ಲಿ ನೀರು ಬಸಿಯುವ ನಲ್ಲಿ ಇರಬೇಕು. ನಲ್ಲಿ ಇದ್ದೂ ವರ್ಷಗಟ್ಟಲೆ ತೆರೆಯದ ಮನೆಗಳೇ ಹೆಚ್ಚು. ವಾರಕ್ಕೊಮ್ಮೆ ತೆರೆಯಿರಿ.

ಚಳಿಯದ್ದು ಬೇರೆ ವಿಷಯ. ಮೀಥೇನ್ ಮಾಡುವ ಜೀವಾಣುಗಳಿಗೆ 30–35 ಡಿಗ್ರಿ ಹಿತ, 20ಕ್ಕಿಂತ ಇಳಿದರೆ ಮಂದವಾಗುತ್ತವೆ. ಬೆಳಗಿನ ತಣ್ಣೀರಿನಲ್ಲಿ ಸೆಗಣಿ ಕಲಸುವ ಬದಲು ನೀರನ್ನು ಬಿಸಿಲಿಗಿಟ್ಟು ಮಧ್ಯಾಹ್ನ ಕಲಸಿ ಬಿಡಿ. ಡೋಮಿನ ಮೇಲೆ ಹುಲ್ಲು ಹೊದಿಸಿ. ಇಷ್ಟಾದರೂ ಅನಿಲ ಏರದಿದ್ದರೆ ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದಲ್ಲಿ ಸೋರಿಕೆ. ಸಾಮಾನ್ಯವಾಗಿ ಸಿಗುವುದು ಡೋಮಿನ ನೆತ್ತಿಯ ಗೇಟ್ ವಾಲ್ವಿನಲ್ಲಿ.

ಪ್ರಶ್ನೆ: ಹಳೆಯ ಎಲ್‌ಪಿಜಿ ಒಲೆಯನ್ನೇ ಗೋಬರ್ ಗ್ಯಾಸಿಗೆ ಬಳಸಬಹುದೇ? (ಅರಸೀಕೆರೆ)

ಉತ್ತರ: ಬಳಸಿದವರಿದ್ದಾರೆ, ಪಾತ್ರೆ ಕಾಯಿಸಿಕೊಳ್ಳಲು ಹೊತ್ತು ಹೋಗುತ್ತದೆ. ಎಲ್‌ಪಿಜಿಯ ಒಂದು ಪಾಲಿಗೆ 25–30 ಪಾಲು ಗಾಳಿ ಬೇಕು, ಬಯೋಗ್ಯಾಸಿಗೆ ಆರು ಪಾಲೂ ಬೇಡ. ಎಲ್‌ಪಿಜಿ ಜೆಟ್ಟಿನ ತೂತು 1 ಮಿಮೀಗಿಂತ ಸಣ್ಣದು, ಬಯೋಗ್ಯಾಸಿಗೆ ಅದರ ಎರಡರಷ್ಟಾದರೂ ಬೇಕು. ತೂತು ಕೊರೆದರೂ ಬರ್ನರಿನ ಕಿಂಡಿಗಳು ಹೊಂದುವುದಿಲ್ಲ, ಉರಿ ಬರ್ನರ್ ಬಿಟ್ಟು ಮೇಲೇಳುತ್ತದೆ. ಐಎಸ್‌ಐ ಗುರುತಿನ ಬಯೋಗ್ಯಾಸ್ ಒಲೆಯನ್ನೇ ಕೊಳ್ಳಿ. ಉರಿ ಹಳದಿಯಾದರೆ ಗಾಳಿಯ ತಿರುಗಣೆ ತೆರೆಯಿರಿ, ಮೇಲೆದ್ದರೆ ಮುಚ್ಚಿ.

ಪ್ರಶ್ನೆ: ತಾರಸಿಯ ಮೇಲೆ 1,000 ಲೀಟರಿನ ಅಡುಗೆಮನೆ ಕಸದ ಘಟಕ ಇಟ್ಟಿದ್ದೇವೆ. ಎರಡು ತಿಂಗಳು ಉರಿಯಿತು, ಈಗ ಹುಳಿ ವಾಸನೆ, ಅನಿಲ ನಿಂತಿದೆ. (ಮೈಸೂರು)

ಉತ್ತರ: ಯಾವುದೋ ಸಮಾರಂಭದ ಅನ್ನ, ಪಾಯಸ ಒಮ್ಮೆಲೇ ಸುರಿದಿದ್ದೀರಾ? ಹಸು ತಿಂದು ಅರಗಿಸಿದ ಮೇಲೆ ಉಳಿದದ್ದು ಸೆಗಣಿ, ಅನ್ನದಲ್ಲಿ ಸತ್ವ ಹಾಗೆಯೇ ಇದೆ. ಹಾಗಾಗಿ ಕೆಜಿಗೆ ಕೆಜಿ ನೋಡಿದರೆ ಅನ್ನವೇ ಹೆಚ್ಚು ಅನಿಲ ಕೊಡುತ್ತದೆ. ತೊಂದರೆಯೂ ಅಲ್ಲೇ. ಆಮ್ಲ ಮಾಡುವ ಜೀವಾಣುಗಳು ಗಂಟೆಗಳಲ್ಲಿ ಬೆಳೆಯುತ್ತವೆ, ಆ ಆಮ್ಲವನ್ನು ಉಂಡು ಮೀಥೇನ್ ಮಾಡುವವು ದುಪ್ಪಟ್ಟಾಗಲು ದಿನಗಳೇ ಬೇಕು. ಆಮ್ಲ ಮಿಕ್ಕಿ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 6.5ಕ್ಕಿಂತ ಇಳಿದರೆ ಎರಡನೆಯವು ಕೈಚೆಲ್ಲುತ್ತವೆ.

ಹತ್ತು ದಿನ ಏನೂ ಹಾಕಬೇಡಿ. ಸುಣ್ಣದ ತಿಳಿಯನ್ನು ಒಂದೊಂದು ಲೋಟ ಹಾಕಿ ಕಲಕಿ, ಮರುದಿನ ಪಿಎಚ್ ಕಾಗದದಲ್ಲಿ ನೋಡಿ, 7ರ ಹತ್ತಿರ ಬಂದರೆ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ಒಂದು ಬಕೆಟ್ ಸೆಗಣಿ ಬಗ್ಗಡ ಹಾಕಿ. ಉರಿ ಮರಳಿದ ಮೇಲೆ ದಿನಕ್ಕೆ ಅರ್ಧ ಕೆಜಿಯಿಂದ ಶುರು ಮಾಡಿ 3–4 ಕೆಜಿಗೆ ನಿಲ್ಲಿಸಿ. ಎಲ್ಲವೂ ರುಬ್ಬಿದ್ದಿರಲಿ. ನಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಮೂಳೆ, ಮೊಟ್ಟೆ ಚಿಪ್ಪು ಬೇಡ. ಪಾತ್ರೆ ತೊಳೆದ ಸೋಪಿನ ನೀರಂತೂ ಹತ್ತಿರವೂ ಬರಬಾರದು. ಕೊಟ್ಟಿಗೆಯವರಿಗೂ ಇದೇ ಮಾತು: ಫಿನೈಲ್ ಹಾಕಿ ತೊಳೆದ ನೀರು, ಕೆಚ್ಚಲುಬಾವಿಗೆ ಇಂಜೆಕ್ಷನ್ ಪಡೆಯುತ್ತಿರುವ ಹಸುವಿನ ಸೆಗಣಿ ಎರಡೂ ತಿಪ್ಪೆಗೆ ಹೋಗಲಿ.

ಪ್ರಶ್ನೆ: ಅನಿಲ ತೆಗೆದ ಸೆಗಣಿಯಲ್ಲಿ ಗೊಬ್ಬರದ ಸಾರ ಉಳಿಯುತ್ತದೆಯೇ? (ಸಾಗರ)

ಉತ್ತರ: ಉಳಿಯುತ್ತದೆ. 100 ಕೆಜಿ ಬಗ್ಗಡ ಒಳಗೆ ಹೋದರೆ 97 ಕೆಜಿಗಿಂತ ಹೆಚ್ಚೇ ಹೊರಬರುತ್ತದೆ. ಹೋದದ್ದು ಇಂಗಾಲ, ಹೈಡ್ರೋಜನ್ ಮತ್ತು ಆಮ್ಲಜನಕ. ಸಾರಜನಕ ಅಲ್ಲೇ ಇರುತ್ತದೆ. ಆದರೆ ಅದರ ಒಂದು ಭಾಗ ಅಮೋನಿಯಾ ರೂಪಕ್ಕೆ ತಿರುಗಿರುವುದರಿಂದ, ಬಗ್ಗಡವನ್ನು ಬಿಸಿಲಲ್ಲಿ ಹರಡಿ ಒಣಗಿಸಿದರೆ ಗಾಳಿಗೆ ಹಾರುತ್ತದೆ. ಅಡಿಕೆ ಮರದ ಬುಡಕ್ಕೆ ಹಸಿಯಾಗಿಯೇ ಬಿಡಿ, ಇಲ್ಲವೇ ಗುಂಡಿಯಲ್ಲಿ ಒಂದು ಪದರ ದರಕು (ಒಣ ತರಗೆಲೆ), ಒಂದು ಪದರ ಬಗ್ಗಡ ಹಾಕಿ ಮುಚ್ಚಿಡಿ.

ಪ್ರಶ್ನೆ: ತಳದಲ್ಲಿ ಹೂಳು ತುಂಬಿದೆ. ಇಳಿದು ತೆಗೆಸಬೇಕು. ಎಚ್ಚರಿಕೆ ಏನು? (ಪುತ್ತೂರು)

ಉತ್ತರ: ಆದಷ್ಟು ಇಳಿಯದೇ ತೆಗೆಯಿರಿ. ಸ್ಲರಿ ಪಂಪಿಗೆ ಬಾರದ್ದನ್ನು ನೀರು ಹಾಯಿಸಿ ಕಲಕಿ ಎಳೆಯಬಹುದು. ಇಳಿಯಲೇಬೇಕೆಂದರೆ ಅನಿಲ ಪೂರ್ತಿ ಬಿಟ್ಟು, ಬಗ್ಗಡ ಖಾಲಿ ಮಾಡಿ, ಎಲ್ಲ ಬಾಯಿ ತೆರೆದು ಕೆಲವು ದಿನ ಬಿಡಿ. ಬ್ಲೋವರ್‌ನಿಂದ ತಳದವರೆಗೆ ಗಾಳಿ ಹಾಯಿಸಿ, ಕೆಲಸ ನಡೆಯುವಷ್ಟೂ ಹೊತ್ತು ನಿಲ್ಲಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದಲ್ಲಿ ಮೂಗಿಗೆ ವಾಸನೆಯೇ ತಿಳಿಯದಾಗುತ್ತದೆ, ‘ವಾಸನೆ ಹೋಗಿದೆ, ಇಳಿ’ ಎನ್ನುವುದು ಅಪಾಯದ ಮಾತು. ಇಳಿಯುವವರ ಸೊಂಟ–ಭುಜಕ್ಕೆ ಹಗ್ಗ, ಮೇಲೆ ಎಳೆಯಲು ಇಬ್ಬರು. ಒಳಗಿದ್ದವರು ಕುಸಿದರೆ ಹಗ್ಗ ಹಿಡಿದು ಎಳೆಯಬೇಕು, ಎತ್ತಲು ಇನ್ನೊಬ್ಬರು ಧುಮುಕಬಾರದು.

ಪ್ರಶ್ನೆ: ಸಿಬಿಜಿ (ಕಂಪ್ರೆಸ್ಡ್ ಬಯೋಗ್ಯಾಸ್) ಘಟಕಕ್ಕೆ ಊರಿನ ಸೆಗಣಿ ಕೊಳ್ಳುತ್ತೇವೆಂದು ಕೆಲವರು ಬಂದಿದ್ದಾರೆ. ನಮ್ಮ ಹಳ್ಳಿಯೇ ಒಂದು ಹಾಕಿಕೊಳ್ಳಬಹುದೇ? (ಮಂಡ್ಯ)

ಉತ್ತರ: ಬಯೋಗ್ಯಾಸಿನಿಂದ ಇಂಗಾಲದ ಡೈಆಕ್ಸೈಡ್, ಗಂಧಕ, ತೇವ ತೆಗೆದು, ಮೀಥೇನ್ ಶೇ 90 ದಾಟಿಸಿ, ಒತ್ತಿ ತುಂಬಿದರೆ ಸಿಬಿಜಿ. ಸಿಎನ್‌ಜಿ ಗಾಡಿಗೆ ಹಾಗೆಯೇ ನಡೆಯುತ್ತದೆ. 2018ರ ಸತತ್ ಯೋಜನೆಯಡಿ ತೈಲ ಕಂಪನಿಗಳು ಕೊಳ್ಳುತ್ತವೆ. ನಗರ ಅನಿಲ ಪೂರೈಕೆಯಲ್ಲಿ ಇದನ್ನು 2025–26ರಲ್ಲಿ ಶೇ 1ರಿಂದ ಶುರುಮಾಡಿ 2028–29ಕ್ಕೆ ಶೇ 5ರಷ್ಟು ಬೆರೆಸಬೇಕೆಂದು ಕೇಂದ್ರ 2023ರ ನವೆಂಬರಿನಲ್ಲಿ ಪ್ರಕಟಿಸಿತು. ಬೇಡಿಕೆ ಬೆಳೆಯುತ್ತಿರುವುದು ಹೀಗೆ.

ಆದರೆ 1 ಕೆಜಿ ಸಿಬಿಜಿಗೆ ಸುಮಾರು 60 ಕೆಜಿ ಸೆಗಣಿ ಬೇಕು. ದಿನಕ್ಕೆ ಒಂದು ಟನ್ ಮಾಡುವ ಸಣ್ಣ ಘಟಕಕ್ಕೇ 60 ಟನ್, ಅಂದರೆ ಆರು ಸಾವಿರ ಹಸು. ಒಂದು ಹಳ್ಳಿಯ ಕೈಲಾಗುವ ಮಾತಲ್ಲ. ನಿಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಕಚ್ಚಾವಸ್ತು ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿ ಉಳಿದ ಮಡ್ಡಿ), ಟನ್ ಸಿಬಿಜಿಗೆ 25 ಟನ್ ಆಸುಪಾಸು ಸಾಕು.

ಹಳ್ಳಿಯ ಮಟ್ಟದ ಘಟಕಕ್ಕೆ ಕುಣಿಗಲ್ ತಾಲ್ಲೂಕಿನ ಪುರ ಹಳ್ಳಿಯನ್ನು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಅಲ್ಲಿ ಮೊದಲು ಅಡುಗೆ ಅನಿಲ ಕೊಡಲು ಹೊರಟಿತು, ಸೆಗಣಿ ಎಲ್ಲ ಮನೆಯ ಅಡುಗೆಗೆ ಸಾಲಲಿಲ್ಲ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕೊಳವೆಬಾವಿಯ ನೀರು ಕೊಟ್ಟರು. ಸೆಗಣಿ ತಂದವರಿಗೆ ತೂಕದ ಮೇಲೆ ಹಣ, ಜೊತೆಗೆ ಬಗ್ಗಡವೂ ವಾಪಸು. ಸಿಬಿಜಿಯವರ ಕರಾರಿನಲ್ಲಿ ಸೆಗಣಿಯ ದರ ಓದುವ ಮೊದಲು ಬಗ್ಗಡ ಯಾರಿಗೆ, ಸಾಗಣೆ ಖರ್ಚು ಯಾರದು ಎಂಬ ಸಾಲುಗಳನ್ನು ಹುಡುಕಿ. ಅವು ಇಲ್ಲದಿದ್ದರೆ ಬರೆಸಿ, ಆಮೇಲೆ ಸಹಿ ಹಾಕಿ.