ಗೇಮ್‌ಗೆ ಅಂಬಾಸಿಡರ್ ಕಳಿಸಲಾ?

ಪ್ರಶ್ನೆ: ನಾನು ಆಡುವ ರೇಸಿಂಗ್ ಗೇಮ್‌ನವರು ಆಟಗಾರರಿಗೇ ಕಾರ್ ಡಿಸೈನ್ ಸ್ಪರ್ಧೆ ಇಟ್ಟಿದ್ದಾರೆ. ಗೆದ್ದ ಕಾರು ಗೇಮ್‌ಗೆ ಸೇರುತ್ತದಂತೆ. ನನಗೆ ಪೇಪರ್ ಮೇಲೆ ಬರೆಯೋಕೆ ಮಾತ್ರ ಬರುತ್ತದೆ. ಹಳೇ ಅಂಬಾಸಿಡರ್ ಬರೆದು ಕಳಿಸಲಾ?
– ಒಬ್ಬ ಓದುಗ, ಬಸವನಗುಡಿ

ಉತ್ತರ: ಶುರು ಮಾಡೋಕೆ ಪೇಪರ್ ಸಾಕು. ಮುಂದೆ, ಹಿಂದೆ, ಪಕ್ಕ, ಮೇಲೆ ಹೀಗೆ ನಾಲ್ಕೂ ಕಡೆಯಿಂದ ಒಂದೇ ಅಳತೆಯಲ್ಲಿ ಬರೆಯಿರಿ, ಯಾಕೆಂದರೆ 3ಡಿ ಮಾಡುವವರು ಇದೇ ಚಿತ್ರಗಳನ್ನು ಇಟ್ಟುಕೊಂಡು ಕಾರಿನ ಮೈ ಕಟ್ಟುತ್ತಾರೆ, ಒಂದರಲ್ಲಿ ಚಕ್ರ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಇದ್ದರೆ ಕೆಲಸ ಕೆಟ್ಟಿತು. ನೀವೇ ಕಲಿಯೋದಾದರೆ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಇದೆ, ಪೂರ್ತಿ ಉಚಿತ. ಪಾಲಿಗಾನ್ ಮಿತಿ, ಅಂದರೆ 3ಡಿ ಕಾರಿನ ಮೈ ಕಟ್ಟುವ ಪುಟ್ಟ ಚಪ್ಪಟೆ ತುಂಡುಗಳು ಎಷ್ಟಿರಬಹುದು ಅನ್ನೋದನ್ನು ಮಾತ್ರ ಮೊದಲೇ ನೋಡಿ. ಜಾಸ್ತಿಯಾದರೆ ಸಾಧಾರಣ ಫೋನ್‌ನಲ್ಲಿ ಆಟ ತಡವರಿಸುತ್ತದೆ.

ಅಂಬಾಸಿಡರ್ ಬೇಡ. 2014ರಲ್ಲೇ ತಯಾರಿಕೆ ನಿಂತಿತು, ನಿಜ, ಆದರೆ ಹೆಸರಿಗೆ ಇನ್ನೂ ವಾರಸುದಾರರು ಇದ್ದಾರೆ. ಸುಮ್ನೆ ಯಾಕೆ ತಲೆನೋವು? 2001ರಲ್ಲಿ ನಮ್ಮೂರಲ್ಲೇ ಬಂದ ರೇವಾ ಎಲೆಕ್ಟ್ರಿಕ್ ಕಾರು ಎಷ್ಟು ಪುಟಾಣಿ ಇತ್ತು ಅಲ್ವಾ? (ನೋಡಿ ನಕ್ಕವರಲ್ಲಿ ನಾನೂ ಒಬ್ಬ.) ಆ ಪುಟಾಣಿತನಕ್ಕೆ ಆಟೊದ ಹಸಿರು-ಹಳದಿ ಬಳಿಯಿರಿ, ಆಕಾರ ನಿಮ್ಮದೇ ಇರಲಿ. ಗೆದ್ದ ಮೇಲೆ ಡಿಸೈನ್ ಹಕ್ಕು ಯಾರದು ಅಂತ ಓದಿಯೇ ಕಳಿಸಿ.